ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ

ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಹುಟ್ಟುವ ಪ್ರತಿಯೊಂದು ಮಗುವಿಗೂ, ಅದು ಯಾವ ಆಸ್ಪತ್ರೆಯಲ್ಲೇ ಹುಟ್ಟಲಿ, ಮೊದಲ ವಾರದಲ್ಲೇ ಥೈರಾಯ್ಡ್ ಪರೀಕ್ಷೆ ಆಗಬೇಕು. ಅಪ್ಪ ಅಮ್ಮ ಕೇಳಲಿ ಬಿಡಲಿ, ಕೈಯಲ್ಲಿ ದುಡ್ಡಿರಲಿ ಇಲ್ಲದಿರಲಿ, ಬಿಸಿಜಿ ಲಸಿಕೆಯ ಜೊತೆ ಇದೂ ಆಗಿಹೋಗಬೇಕು. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಆದರೆ ಈ ವಿಷಯ ನಮ್ಮ ಮನೆಯೊಳಗೇ ಬಂದು ಹೋಗಿದೆ. ಬರಹ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಬಸುರಿಯರಿದ್ದರೆ ಅವರಿಗೂ ಓದಿಸಿ.

ಥೈರಾಯ್ಡ್ ಅಂದ ಕೂಡಲೇ ನಮಗೆ ನೆನಪಾಗುವುದು ತೂಕ ಜಾಸ್ತಿಯಾಗುವುದು, ಕೂದಲು ಉದುರುವುದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ. ದೊಡ್ಡವರಿಗೆ ಅದು ಸರಿಯೇ. ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಹೇಳುವುದೂ ಇಷ್ಟೇ: ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸಲು ಅಯೋಡಿನ್ ಬೇಕು, ಅಯೋಡಿನ್ ಸಾಲದಿದ್ದರೆ ಗಳಗಂಡ ಬರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಹೊಟ್ಟೆಯಲ್ಲಿರುವ ಮಗುವಿನಲ್ಲಿ, ಹುಟ್ಟಿದ ಮೇಲೆ ಮೊದಲ ಎರಡು ಮೂರು ವರ್ಷ, ಈ ಹಾರ್ಮೋನು ಮಾಡುವ ಕೆಲಸವೇ ಬೇರೆ. ಆಗ ಅದು ಮಿದುಳನ್ನು ಕಟ್ಟುತ್ತದೆ.

ಮಿದುಳಿನ ನರಕೋಶಗಳು ಹುಟ್ಟುವುದು ಒಳಗಿನ ಪದರದಲ್ಲಿ. ಅಲ್ಲಿಂದ ಅವು ತಮ್ಮ ತಮ್ಮ ಜಾಗಕ್ಕೆ ಸಾಗಬೇಕು. ಜಾಗ ಸೇರಿದ ಮೇಲೆ ಕವಲೊಡೆದು ಪಕ್ಕದ ಕೋಶಗಳ ಜೊತೆ ಸಂಪರ್ಕ ಬೆಳೆಸಬೇಕು. ಆಮೇಲೆ ನರದ ಎಳೆಗಳ ಮೇಲೆ ಮಯಲಿನ್ ಎನ್ನುವ ಕೊಬ್ಬಿನ ಹೊದಿಕೆ ಬೆಳೆಯಬೇಕು, ಇಲ್ಲದಿದ್ದರೆ ಸಂದೇಶಗಳು ಬೇಗ ಮುಟ್ಟುವುದಿಲ್ಲ. ಈ ಪ್ರತಿಯೊಂದು ಹಂತದಲ್ಲೂ ಥೈರಾಯ್ಡ್ ಹಾರ್ಮೋನು ಬೇಕು. ಅದು ಕೋಶದ ನಡುವಿನ ನ್ಯೂಕ್ಲಿಯಸ್ಸಿಗೇ ಹೋಗಿ, ಯಾವ ಜೀನು ಈಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುವುದರಲ್ಲಿ ಪಾಲು ತೆಗೆದುಕೊಳ್ಳುತ್ತದೆ. ನಮ್ಮ ಪುಸ್ತಕದಲ್ಲಿ ಮಿದುಳು ಒಂದು ಪಾಠ, ಹಾರ್ಮೋನು ಇನ್ನೊಂದು, ಜೀನು ಮತ್ತೊಂದು. ಮಗುವಿನ ದೇಹದಲ್ಲಿ ಮೂರೂ ಒಂದೇ ಕೆಲಸದಲ್ಲಿ ಕೈ ಹಾಕಿರುತ್ತವೆ. ಮತ್ತು ಎಲ್ಲಕ್ಕೂ ಒಂದು ಹೊತ್ತಿದೆ. ಸಸಿಮಡಿಗೆ ಬೇಕಾದಾಗ ಬಾರದ ಮಳೆ ಕೊಯ್ಲಿನ ಹೊತ್ತಿಗೆ ಎಷ್ಟು ಸುರಿದರೇನು?

ಕೆಲವು ಮಕ್ಕಳು ಥೈರಾಯ್ಡ್ ಗ್ರಂಥಿಯೇ ಇಲ್ಲದೆ ಹುಟ್ಟುತ್ತಾರೆ. ಕೆಲವರಲ್ಲಿ ಅದು ತೀರಾ ಚಿಕ್ಕದು, ಅಥವಾ ಕತ್ತಿಗೆ ಇಳಿಯದೆ ನಾಲಿಗೆಯ ಬುಡದಲ್ಲೇ ಉಳಿದಿರುತ್ತದೆ. ಇನ್ನು ಕೆಲವರಲ್ಲಿ ಗ್ರಂಥಿ ನೆಟ್ಟಗಿರುತ್ತದೆ, ಹಾರ್ಮೋನು ತಯಾರಿಸುವ ಯಾವುದೋ ಒಂದು ಜೀನು ಕೆಟ್ಟಿರುತ್ತದೆ. ಕಾರಣ ಯಾವುದಾದರೂ ಫಲ ಒಂದೇ: ಥೈರಾಕ್ಸಿನ್ ಸಾಲುವುದಿಲ್ಲ.

ಭಯ ಆಗುವುದು ಇಲ್ಲೇ. ಹುಟ್ಟಿದಾಗ ಈ ಮಗು ನೋಡಲು ಪೂರ್ತಿ ಚೆನ್ನಾಗಿರುತ್ತದೆ. ತಾಯಿಯ ಥೈರಾಕ್ಸಿನ್ ಸ್ವಲ್ಪ ಮಗುವಿಗೆ ದಾಟಿ ಬಂದಿರುತ್ತದೆ, ಒಂಬತ್ತು ತಿಂಗಳು ಅದೇ ಕಾಪಾಡಿರುತ್ತದೆ. ಹುಟ್ಟಿದ ಮೇಲೆ ಆ ಆಸರೆ ನಿಲ್ಲುತ್ತದೆ. ತೂಕ ಸರಿ, ಬಣ್ಣ ಸರಿ, ಅತ್ತಿದ್ದೂ ಸರಿ. ಎಂಥಾ ಅನುಭವಸ್ಥ ಡಾಕ್ಟರಿಗೂ ಬರೀ ಕಣ್ಣಿಂದ ನೋಡಿ ಹೇಳಲು ಸಾಮಾನ್ಯವಾಗಿ ಆಗುವುದಿಲ್ಲ.

ಆಮೇಲೆ ನಿಧಾನಕ್ಕೆ ಗುರುತುಗಳು ಕಾಣುತ್ತವೆ. ಕಾಮಾಲೆ ಬೇಗ ಇಳಿಯುವುದಿಲ್ಲ. ಮಲಬದ್ಧತೆ. ಮೈ ತಣ್ಣಗೆ. ಹೊಕ್ಕಳು ಉಬ್ಬಿರುತ್ತದೆ. ಅಳುವಿನ ದನಿ ಗೊಗ್ಗರು. ನಾಲಿಗೆ ದಪ್ಪ. ಹಾಲಿಗೂ ಎಬ್ಬಿಸಬೇಕು, ಸದಾ ನಿದ್ದೆ. ಬಾಣಂತಿ ಮನೆಗೆ ಬಂದವರು ಏನು ಹೇಳುತ್ತಾರೆ? 'ಎಷ್ಟು ಸಾಧು ಮಗು ಕಣೇ, ಅಳೋದೇ ಇಲ್ಲ. ನೀನು ಪುಣ್ಯವಂತೆ, ರಾತ್ರಿ ನಿದ್ದೆಗೆಡೋ ಹಾಗಿಲ್ಲ.' ಹೇಳುವವರದು ತಪ್ಪಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅಂಥ ಒಂದೊಂದು ವಾರ ಕಳೆದ ಹಾಗೂ ಮಿದುಳಿನಲ್ಲಿ ಕಟ್ಟಬೇಕಾದದ್ದು ಕಟ್ಟದೆ ಉಳಿಯುತ್ತದೆ.

ನನ್ನ ತಂಗಿಯ ಮಗಳು ಹೀಗೆ ಹುಟ್ಟಿದವಳು. ತಂಗಿ ಹೆರಿಗೆಗೆ ಸೇರಿದ ನರ್ಸಿಂಗ್ ಹೋಮಿನಲ್ಲಿ ಈ ಪರೀಕ್ಷೆ ಎಲ್ಲ ಮಕ್ಕಳಿಗೂ ಮಾಡುತ್ತಿದ್ದರು, ಅದು ನಮ್ಮ ಅದೃಷ್ಟ. ಮೂರನೇ ದಿನ ಸಿಸ್ಟರ್ ಬಂದು ಮಗುವಿನ ಕಾಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿದರು. ಹಿಮ್ಮಡಿಯ ನಡುವೆ ಅಲ್ಲ, ಅಂಚಿನಲ್ಲಿ ಚಿಕ್ಕದಾಗಿ ಚುಚ್ಚಿದರು. ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ, ಆಮೇಲಿನ ಹನಿಗಳನ್ನು ದಪ್ಪ ಕಾಗದದ ಮೇಲೆ ಅಚ್ಚಾಗಿದ್ದ ದುಂಡು ಗುರುತುಗಳಿಗೆ ಮುಟ್ಟಿಸಿದರು. ರಕ್ತ ಕಾಗದದ ಹಿಂಬದಿಗೂ ಇಳಿದಿದೆಯಾ ಎಂದು ತಿರುಗಿಸಿ ನೋಡಿದರು. ಆಮೇಲೆ ಅದನ್ನು ಬಿಸಿಲು ತಾಗದ ಕಡೆ ಅಡ್ಡಲಾಗಿ ಒಣಗಲು ಇಟ್ಟರು. ಮಗು ಒಂದು ಸಲ ಕಿರುಚಿ, ಎದೆಗೆ ಹಾಕಿದ ಕೂಡಲೇ ಸುಮ್ಮನಾಯಿತು. ಅಮ್ಮ ಮಾತ್ರ ಪಕ್ಕದಲ್ಲಿ ನಿಂತು ಗೊಣಗುತ್ತಿದ್ದರು, 'ಹಸುಗೂಸಿಗೆ ಯಾಕ್ರೀ ಚುಚ್ಚೋದು, ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?' ಎಂದು.

ವರದಿ ಬಂದಾಗ ಟಿಎಸ್‌ಎಚ್ ನೂರು ದಾಟಿತ್ತು. ಟಿಎಸ್‌ಎಚ್ ಅಂದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ 'ಕೆಲಸ ಮಾಡು' ಎಂದು ಕಳಿಸುವ ಹಾರ್ಮೋನು. ಅತ್ತ ಉತ್ತರ ಬಾರದಿದ್ದರೆ ಇತ್ತ ಅದು ಏರುತ್ತಲೇ ಹೋಗುತ್ತದೆ. ಕೈಯಿಂದ ರಕ್ತ ತೆಗೆದು ಮತ್ತೊಮ್ಮೆ ಖಚಿತ ಮಾಡಿಕೊಂಡು ಎರಡನೇ ವಾರದೊಳಗೆ ಮಾತ್ರೆ ಶುರು ಮಾಡಿದರು. ಅದನ್ನು ಕೊಡುವ ಕೆಲಸ ಎಷ್ಟೋ ದಿನ ನನ್ನದೇ ಆಗಿತ್ತು. ಪುಟ್ಟ ಬಿಳಿ ಮಾತ್ರೆಯನ್ನು ಚಮಚದಲ್ಲಿ ನುಣ್ಣಗೆ ಪುಡಿ ಮಾಡಿ, ತಂಗಿ ಹಿಂಡಿಕೊಟ್ಟ ಎದೆಹಾಲು ಸ್ವಲ್ಪ ಸೇರಿಸಿ ಒಳಲೆಯಲ್ಲಿ ಕುಡಿಸುತ್ತಿದ್ದೆ. ತಳದಲ್ಲಿ ಪುಡಿ ಉಳಿದರೆ ಮತ್ತೆರಡು ಹನಿ ಹಾಲು ಹಾಕಿ ಅದನ್ನೂ ಕುಡಿಸಬೇಕು. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಸಿರಪ್ಪನ್ನು ಇದರ ಜೊತೆ ಕೊಡುವ ಹಾಗಿಲ್ಲ, ಮಾತ್ರೆ ಮೈಗೆ ಹತ್ತುವುದಿಲ್ಲ. ಇದರ ಖರ್ಚು ದಿನಕ್ಕೆ ಒಂದೆರಡು ರೂಪಾಯಿ, ಅಷ್ಟೇ.

ಈಗ ಆ ಹುಡುಗಿ ಎಂಟನೇ ಕ್ಲಾಸು. ಲೆಕ್ಕದಲ್ಲಿ ಚುರುಕು. ಮನೆಯಲ್ಲಿ ಯಾರ ಮಾತೂ ಕೇಳುವುದಿಲ್ಲ. ಬೆಳಿಗ್ಗೆ ಮಾತ್ರೆಯನ್ನು ತಾನೇ ತೆಗೆದುಕೊಳ್ಳುತ್ತಾಳೆ.

ಅಮ್ಮನ ಊರಿನಲ್ಲಿ ಇನ್ನೊಬ್ಬನಿದ್ದ. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಎತ್ತರದಲ್ಲಿ ಹತ್ತು ವರ್ಷದ ಹುಡುಗನಷ್ಟು. ಮುಖ ಊದಿಕೊಂಡಿರುತ್ತಿತ್ತು, ಮಾತು ನಿಧಾನ, ಬೇಸಿಗೆಯಲ್ಲೂ ಕಂಬಳಿ. ಊರೆಲ್ಲ ಅವನನ್ನು ಮಂಕ ಎಂದೇ ಕರೆಯುತ್ತಿತ್ತು. ಅವನ ಹೆಸರು ನನಗೆ ಗೊತ್ತಾದದ್ದು ಬಹಳ ತಡವಾಗಿ. ಶಾಲೆಯಲ್ಲಿ ಒಂದನೇ ಕ್ಲಾಸಿಗೇ ನಿಲ್ಲಿಸಿದ್ದರು. ಇಪ್ಪತ್ತು ದಾಟಿದ ಮೇಲೆ ಯಾವುದೋ ಆರೋಗ್ಯ ಶಿಬಿರದಲ್ಲಿ ಒಬ್ಬ ಡಾಕ್ಟರು ಅವನನ್ನು ನೋಡಿದ ಕೂಡಲೇ ಅನುಮಾನಪಟ್ಟು ರಕ್ತ ಪರೀಕ್ಷೆ ಮಾಡಿಸಿದರು. ಅದೇ ಮಾತ್ರೆ ಶುರುವಾಯಿತು. ಊತ ಇಳಿಯಿತು, ಚಳಿ ಕಡಿಮೆಯಾಯಿತು, ದನಿ ಬಿಚ್ಚಿತು. ಓಡಾಡತೊಡಗಿದ. ಆದರೆ ಓದು ಬರಹ ಅವನಿಗೆ ಹತ್ತಲಿಲ್ಲ. ಅವನ ತಾಯಿ ಕೊನೆಯವರೆಗೂ 'ನಾನು ಯಾವ ಜನ್ಮದಲ್ಲಿ ಏನು ಮಾಡಿದ್ದೆನೋ' ಎನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಆಕೆ ಏನೂ ಮಾಡಿರಲಿಲ್ಲ. ಮಾಡಬೇಕಾದವರು ಮಾಡಿರಲಿಲ್ಲ.

'ಅದೆಲ್ಲ ಹುಟ್ಟಿನಿಂದ ಬಂದದ್ದು, ಜೀನಿನಲ್ಲೇ ಇದೆ, ನಾವೇನು ಮಾಡೋಕಾಗುತ್ತೆ' ಎನ್ನುವವರು ನನ್ನ ಪರಿಚಯದಲ್ಲಿ ಬಹಳ ಜನ. ಓದಿದವರೇ ಜಾಸ್ತಿ. ಮೊದಲು ಹಣೆಬರಹ ಎನ್ನುತ್ತಿದ್ದ ಜಾಗದಲ್ಲಿ ಈಗ ಜೀನು ಎನ್ನುತ್ತಾರೆ, ಕೈಕಟ್ಟಿ ಕೂರುವುದು ಮಾತ್ರ ಹಾಗೇ ಇದೆ. ಅವರಿಗೆ ನಾನು ನಾರ್ವೆಯ ಒಬ್ಬ ತಾಯಿಯ ಕಥೆ ಹೇಳುತ್ತೇನೆ.

ಆಕೆಯ ಹೆಸರು ಬೋರ್ಗ್ನಿ ಎಗೆಲಾಂಡ್. ಲಿವ್ ಎಂಬ ಮಗಳು, ಡಾಗ್ ಎಂಬ ಮಗ. ಹುಟ್ಟಿದಾಗ ಇಬ್ಬರೂ ಚೆನ್ನಾಗಿದ್ದರು, ಬೆಳೆಯುತ್ತಾ ಇಬ್ಬರ ಬುದ್ಧಿಯೂ ಕುಂಠಿತವಾಯಿತು. ಮಕ್ಕಳ ಮೂತ್ರಕ್ಕೆ ಏನೋ ವಿಚಿತ್ರ ವಾಸನೆ ಇದೆ ಎಂದು ಈ ತಾಯಿ ಡಾಕ್ಟರಿಂದ ಡಾಕ್ಟರಿಗೆ ಅಲೆದಳು. ಯಾರೂ ಕಿವಿಗೊಡಲಿಲ್ಲ. ಕೊನೆಗೆ 1934ರಲ್ಲಿ ಅಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಕಿವಿಗೊಟ್ಟರು. ಅವರು ರಸಾಯನಶಾಸ್ತ್ರವನ್ನೂ ಓದಿದವರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರು ಬಣ್ಣಕ್ಕೆ ತಿರುಗಿತು. ಅಲ್ಲಿರಬಾರದ ವಸ್ತುವೊಂದು ಅಲ್ಲಿತ್ತು. ಅದನ್ನೇ ಹಿಡಿದು ಹೋದಾಗ ಸಿಕ್ಕಿದ್ದು ಇವತ್ತು ಪಿಕೆಯು ಎಂದು ಕರೆಯುವ ಕಾಯಿಲೆ. ಒಂದೇ ಒಂದು ಜೀನಿನ ತಪ್ಪು. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸ ಎಲ್ಲದರ ಪ್ರೋಟೀನಿನಲ್ಲೂ ಇರುವ ಫಿನೈಲ್ಅಲನೈನ್ ಅನ್ನುವುದನ್ನು ಈ ಮಕ್ಕಳ ದೇಹ ಕರಗಿಸಲಾರದು. ಅದು ರಕ್ತದಲ್ಲಿ ತುಂಬಿ ಮಿದುಳನ್ನು ಕೆಡಿಸುತ್ತದೆ. ಲಿವ್ ಮತ್ತು ಡಾಗ್‌ಗೆ ಆ ಹೊತ್ತಿಗೆ ತಡವಾಗಿತ್ತು.

ಆದರೆ 1950ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಆ ವಸ್ತುವೇ ಕಡಿಮೆ ಇರುವ ವಿಶೇಷ ಆಹಾರ ಕೊಟ್ಟು ಫಲ ಕಂಡರು. ಅಮೆರಿಕದಲ್ಲಿ ರಾಬರ್ಟ್ ಗತ್ರಿ ಎಂಬವರು, ತಮ್ಮ ಮಗನೇ ಬುದ್ಧಿಮಾಂದ್ಯನಾಗಿದ್ದವರು, ಹೆಂಡತಿಯ ಸೋದರಿಯ ಮಗಳಿಗೆ ಇದೇ ಪಿಕೆಯು ಇದ್ದದ್ದನ್ನು ಕಂಡವರು, ಹಿಮ್ಮಡಿಯ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ವಿಧಾನ ಕಂಡುಹಿಡಿದರು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಅದನ್ನು ಕಡ್ಡಾಯ ಮಾಡಿತು. ಮುಂದೆ 1970ರ ದಶಕದಲ್ಲಿ ಕೆನಡಾದ ಕ್ಯುಬೆಕ್‌ನಲ್ಲಿ ಜಾನ್ ದುಸ್ಸೋ ಅದೇ ಒಣಗಿದ ರಕ್ತದ ಚುಕ್ಕೆಯಿಂದ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿ ತೋರಿಸಿದರು. ನನ್ನ ತಂಗಿಯ ಮಗಳ ಕಾಲಿಗೆ ಚುಚ್ಚಿದ್ದು ಇದರ ಮುಂದುವರಿಕೆಯೇ.

ಯೋಚಿಸಿ ನೋಡಿ. ಪಿಕೆಯು ಇರುವ ಇಬ್ಬರು ಮಕ್ಕಳು. ಜೀನು ಒಂದೇ, ತಪ್ಪೂ ಅದೇ. ಒಬ್ಬರಿಗೆ ಮೊದಲ ವಾರಗಳಲ್ಲೇ ಗೊತ್ತಾಗಿ ಆಹಾರ ಬದಲಾಯಿತು. ಇನ್ನೊಬ್ಬರಿಗೆ ಗೊತ್ತಾಗಲೇ ಇಲ್ಲ. ಮೊದಲನೆಯವರು ಕಾಲೇಜಿಗೆ ಹೋಗಬಹುದು. ಎರಡನೆಯವರು ತಮ್ಮ ಊಟ ತಾವೇ ಮಾಡಲು ಕಲಿಯದೆ ಹೋಗಬಹುದು. ಈಗ ಹೇಳಿ, ಆ ಮಗುವಿನ ಬುದ್ಧಿ ಜೀನಿನಿಂದ ಬಂತೋ, ಬೆಳೆಸಿದ ರೀತಿಯಿಂದ ಬಂತೋ? ಎರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಲು ಆಗುವುದೇ ಇಲ್ಲ. ಕಾರಣ ಜೀನಿನಲ್ಲಿದೆ ಎಂದು ಗೊತ್ತಾದದ್ದರಿಂದಲೇ ತಟ್ಟೆಯಲ್ಲಿರುವುದನ್ನು ಬದಲಾಯಿಸಲು ಸಾಧ್ಯವಾಯಿತು.

ಇನ್ನು ನಮ್ಮ ದೇಶದ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಸುಗೂಸುಗಳನ್ನು ಪರೀಕ್ಷೆ ಮಾಡಿಸಿತ್ತು. ಸುಮಾರು 1,100 ಮಕ್ಕಳಿಗೆ ಒಬ್ಬರಂತೆ ಈ ಥೈರಾಯ್ಡ್ ಕೊರತೆ ಸಿಕ್ಕಿತು. ಬಹಳಷ್ಟು ದೇಶಗಳಲ್ಲಿ ಇದು ಎರಡರಿಂದ ನಾಲ್ಕು ಸಾವಿರಕ್ಕೆ ಒಬ್ಬರು. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆ ಆಗುತ್ತದೆ. ಅದೇ ಲೆಕ್ಕ ಹಿಡಿದರೆ ಪ್ರತಿ ವರ್ಷ ಎಂಟು ಒಂಬತ್ತು ನೂರು ಮಕ್ಕಳು. ಒಂದು ದೊಡ್ಡ ಶಾಲೆಯ ಅಷ್ಟೂ ಮಕ್ಕಳು, ಪ್ರತಿ ವರ್ಷ.

ಈ ಪರೀಕ್ಷೆ ನಮಗೆ ಹೊಸದೂ ಅಲ್ಲ. ದೇಶದಲ್ಲಿ ಹಸುಗೂಸುಗಳನ್ನು ಹೀಗೆ ಸಾಮೂಹಿಕವಾಗಿ ಪರೀಕ್ಷಿಸುವ ಮೊದಲ ಪ್ರಯೋಗ 1980ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ನಾಲ್ಕು ದಶಕ ಕಳೆದವು. ಪಕ್ಕದ ಕೇರಳದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟುವ ಮಕ್ಕಳಿಗೆ ಥೈರಾಯ್ಡ್ ಸೇರಿ ಹಲವು ಕಾಯಿಲೆಗಳ ಪರೀಕ್ಷೆ ಉಚಿತವಾಗಿ ಮಾಡುತ್ತಾರೆ. ಕೇಂದ್ರ ಸರ್ಕಾರ 2013ರಲ್ಲಿ ತಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಇದು ಇದೆ. ಆದರೆ ಸೀಳುತುಟಿ, ತಿರುಚಿದ ಪಾದ, ಹೃದಯದ ತೊಂದರೆ ಇವುಗಳ ಸಾಲಿನಲ್ಲಿ ಅಲ್ಲ. ಕೊನೆಯಲ್ಲಿ, ರಾಜ್ಯಗಳು ಬೇಕಿದ್ದರೆ ಸೇರಿಸಿಕೊಳ್ಳಬಹುದು ಎಂಬ ಭಾಗದಲ್ಲಿ. ಕಣ್ಣಿಗೆ ಕಾಣುವ ತೊಂದರೆಗೆ ಖಾತ್ರಿ, ಕಾಣದ್ದಕ್ಕೆ ಇಷ್ಟವಿದ್ದರೆ. ಇದನ್ನು ನಾನು ಒಪ್ಪುವುದಿಲ್ಲ. ಕಾಣದ್ದನ್ನು ಹುಡುಕಲಿಕ್ಕೇ ಅಲ್ವಾ ಪರೀಕ್ಷೆ ಇರುವುದು?

ಕಷ್ಟಗಳು ಇಲ್ಲವೆಂದಲ್ಲ. ಹುಟ್ಟಿದ ಮೊದಲ ದಿನ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ತಾನಾಗಿಯೇ ಏರುತ್ತದೆ, ಆಮೇಲೆ ಇಳಿಯುತ್ತದೆ. ಹಾಗಾಗಿ 48 ಗಂಟೆ ಕಳೆದ ಮೇಲೆ ರಕ್ತ ತೆಗೆದರೆ ಒಳ್ಳೆಯದು. ಆದರೆ ಜಾಗ ಸಾಲದ ಆಸ್ಪತ್ರೆಗಳಲ್ಲಿ ಅಷ್ಟರೊಳಗೆ ಮನೆಗೆ ಕಳಿಸಿಬಿಟ್ಟಿರುತ್ತಾರೆ. ಅದಕ್ಕಿಂತ ದೊಡ್ಡ ತಲೆನೋವು ವರದಿ ಬಂದ ಮೇಲೆ. ಬಾಣಂತಿ ತವರಿಗೆ ಹೋಗಿರುತ್ತಾಳೆ. ಆಸ್ಪತ್ರೆಯಲ್ಲಿ ಬರೆಸಿದ್ದು ಗಂಡನ ನಂಬರು, ಆತ ಕೆಲಸಕ್ಕೆ ಬೇರೆ ಊರಿನಲ್ಲಿರುತ್ತಾನೆ. ಫೋನ್ ಎತ್ತುವುದಿಲ್ಲ, ಇಲ್ಲವೇ ನಂಬರೇ ಬದಲಾಗಿರುತ್ತದೆ. ಪರೀಕ್ಷೆ ಮಾಡಿಯೂ ಮಗು ಕೈತಪ್ಪಿತು ಎಂದರೆ ಆ ನಾಲ್ಕು ಹನಿ ರಕ್ತಕ್ಕೆ ಬೆಲೆಯೇ ಇಲ್ಲ.

ಇದಕ್ಕೆ ದಾರಿ ನಮ್ಮ ಊರುಗಳಲ್ಲೇ ಇದೆ. ಆಸ್ಪತ್ರೆ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೇ ದಿನ ಭೇಟಿ ಕೊಡಬೇಕೆಂಬ ನಿಯಮ ಈಗಾಗಲೇ ಇದೆ. ತಾಯಿ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿ: ರಕ್ತ ತೆಗೆದರಾ, ವರದಿ ಬಂತಾ. ಏಳನೇ ದಿನ ಹೋದವರು ಅದನ್ನು ನೋಡಲಿ. ತೆಗೆದಿಲ್ಲ ಎಂದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳಿಸಲಿ. ಮತ್ತು ಆ ಕೆಲಸಕ್ಕೆ ಅವರಿಗೆ ಬೇರೆಯಾಗಿ ದುಡ್ಡು ಕೊಡಿ. ಆಶಾ ಅಕ್ಕಂದಿರ ತಲೆಯ ಮೇಲೆ ಪುಕ್ಕಟೆಯಾಗಿ ಇನ್ನೂ ಒಂದು ಹೊರೆ ಹೊರಿಸುವುದು ನ್ಯಾಯವಲ್ಲ.

ನಮ್ಮ ಕಡೆಯವರು ಕೇಳಿಸಿಕೊಳ್ಳಬೇಕಾದ ಇನ್ನೊಂದು ಮಾತಿದೆ. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ಮದುವೆ ಮಾಡುವುದು ನಮ್ಮಲ್ಲಿ ಬಹಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲಿ. ಗ್ರಂಥಿಯೇ ಬೆಳೆಯದ ಬಗೆ ಸಾಮಾನ್ಯವಾಗಿ ಸಂಬಂಧ ನೋಡಿ ಬರುವುದಿಲ್ಲ, ಯಾರಿಗಾದರೂ ಬರಬಹುದು. ಆದರೆ ಹಾರ್ಮೋನು ತಯಾರಿಸುವ ಜೀನು ಕೆಟ್ಟ ಬಗೆ, ಪಿಕೆಯು, ಇಂಥವು ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಕೆಟ್ಟ ಜೀನು ಬಂದಾಗ ಕಾಣಿಸಿಕೊಳ್ಳುವಂಥವು. ಒಂದೇ ಮನೆತನದಲ್ಲಿ ಇಬ್ಬರಿಗೂ ಅದೇ ಜೀನು ಇರುವ ಸಾಧ್ಯತೆ ಹೆಚ್ಚು. ಆಗಿಹೋದ ಮದುವೆಗಳ ಬಗ್ಗೆ ಯಾರನ್ನೂ ನೋಯಿಸಲು ಇದನ್ನು ಬರೆಯುತ್ತಿಲ್ಲ. ಅಂಥ ಮನೆಗಳಲ್ಲಿ ಪರೀಕ್ಷೆ ತಪ್ಪಿಸಲೇಬೇಡಿ ಎಂದಷ್ಟೇ ಕೇಳಿಕೊಳ್ಳುತ್ತಿದ್ದೇನೆ.

ಅದೇ ಒಣಗಿದ ಚುಕ್ಕೆಯಿಂದ ಪತ್ತೆಯಾಗುವ ಇನ್ನೊಂದು ತೊಂದರೆ ಸಿಎಎಚ್. ಇದರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಯಾರಿಸಲಾರದೆ ಗಂಡು ಹಾರ್ಮೋನನ್ನು ಜಾಸ್ತಿ ತಯಾರಿಸುತ್ತದೆ. ಗಂಡುಮಕ್ಕಳು ನೋಡಲು ಮಾಮೂಲಾಗಿರುತ್ತಾರೆ. ಎರಡು ಮೂರು ವಾರದಲ್ಲಿ ವಾಂತಿಯಾಗಿ, ಮೈಯ ಉಪ್ಪಿನಂಶವೆಲ್ಲ ಹೋಗಿ ಜೀವವೇ ಹೋಗಬಹುದು. ಹೆಣ್ಣುಮಕ್ಕಳು ಹೊಟ್ಟೆಯಲ್ಲಿದ್ದಾಗಲೇ ಆ ಹಾರ್ಮೋನಿನಲ್ಲಿ ಬೆಳೆದಿರುತ್ತಾರೆ. ಅಂಥ ಹುಡುಗಿಯರು ಬೇರೆ ಹುಡುಗಿಯರಿಗಿಂತ ಹೆಚ್ಚಾಗಿ ಕಾರು, ಲಾರಿಯಂಥ ಆಟಿಕೆ ಆರಿಸಿಕೊಳ್ಳುತ್ತಾರೆ ಎಂದು 1992ರಲ್ಲಿ ಶೆರಿ ಬೆರೆನ್‌ಬಾಮ್ ಮತ್ತು ಮೆಲಿಸಾ ಹೈನ್ಸ್ ತೋರಿಸಿದರು, ಆಮೇಲೆ ಬೇರೆಯವರೂ ಅದನ್ನೇ ಕಂಡರು. ಹುಟ್ಟುವ ಮೊದಲೇ ಸಿಕ್ಕ ಒಂದು ಹಾರ್ಮೋನು ಮಗುವಿನ ಇಷ್ಟವನ್ನು ಇಷ್ಟರ ಮಟ್ಟಿಗೆ ತಿರುಗಿಸಬಲ್ಲದು. ಅಂಥ ಹುಡುಗಿಗೆ 'ಗಂಡುಬೀರಿ' ಎಂದು ಬೈದು ಏನು ಸಾಧಿಸುತ್ತೇವೆ? ಅವಳಿಗೆ ಹೊತ್ತಿಗೆ ಸರಿಯಾಗಿ ಔಷಧಿ ಬೇಕು, ಅವಳಿಷ್ಟದ ಆಟ ಬೇಕು.

ಉಪ್ಪಿನ ವಿಷಯವನ್ನೂ ಹೇಳಿ ಮುಗಿಸುತ್ತೇನೆ. ಮಗುವಿನ ಸ್ವಂತ ಗ್ರಂಥಿ ಕೆಲಸ ಶುರು ಮಾಡುವವರೆಗೆ, ಅಂದರೆ ಬಸಿರಿನ ಮೊದಲ ಮೂರು ತಿಂಗಳು, ಅದಕ್ಕೆ ಬೇಕಾದ ಥೈರಾಕ್ಸಿನ್ ಎಲ್ಲವೂ ತಾಯಿಯದೇ. ತಾಯಿಗೇ ಅಯೋಡಿನ್ ಸಾಲದಿದ್ದರೆ? 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಶುರು ಮಾಡಿದ ಅಧ್ಯಯನದಲ್ಲಿ, ಉಪ್ಪಿಗೆ ಅಯೋಡಿನ್ ಸೇರಿಸಿ ಕೊಟ್ಟ ಕಡೆ ಗಳಗಂಡ ಇಳಿಯಿತು. ಆ ಫಲ ನೋಡಿಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಜೋರು ಮಳೆಗೆ ಮಣ್ಣಿನ ಅಯೋಡಿನ್ ತೊಳೆದುಹೋಗುವ ನಮ್ಮ ಮಲೆನಾಡಿನಲ್ಲೂ ಈ ಕೊರತೆ ಇದ್ದದ್ದೇ. ಈಗ 'ನ್ಯಾಚುರಲ್' ಎಂದು ಅಯೋಡಿನ್ ಇಲ್ಲದ ಕಲ್ಲುಪ್ಪು, ಪಿಂಕ್ ಉಪ್ಪು ಕೊಂಡುಕೊಳ್ಳುವ ಹುಚ್ಚು ಶುರುವಾಗಿದೆ. ಬಸುರಿಯರ ಅಡುಗೆಗೆ ದಯವಿಟ್ಟು ಅಯೋಡಿನ್ ಇರುವ ಉಪ್ಪನ್ನೇ ಹಾಕಿ. ಬಸುರಿ ಎಂದು ಗೊತ್ತಾದ ಕೂಡಲೇ ತಾಯಿಯ ಟಿಎಸ್‌ಎಚ್ ಕೂಡ ನೋಡಿಸಿ. ಹೆರಿಗೆಯಾದ ಕೆಲವು ತಿಂಗಳಿಗೆ ಹಲವು ಹೆಂಗಸರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ಸುಸ್ತು, ಬೇಜಾರು, ಮರೆವು ಬರುತ್ತವೆ. ಆಗಲೂ ಅದೇ ಪರೀಕ್ಷೆ ಮಾಡಿಸಬೇಕು. ಸೊಸೆಗೆ ಸೋಮಾರಿ ಎನ್ನುವ ಮೊದಲು ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ.

ಹೆರಿಗೆಗೆ ಸೇರುವಾಗಲೇ ಕೇಳಿಬಿಡಿ: 'ಮಗುವಿಗೆ ಥೈರಾಯ್ಡ್ ಪರೀಕ್ಷೆ ಇಲ್ಲಿ ಮಾಡುತ್ತೀರಾ? ವರದಿ ಯಾವಾಗ ಬರುತ್ತೆ, ಯಾರ ಹತ್ತಿರ ಕೇಳಬೇಕು?' ಇಲ್ಲ ಎಂದರೆ ಹೊರಗಿನ ಲ್ಯಾಬ್ ಯಾವುದು ಎಂದು ಅವರನ್ನೇ ಕೇಳಿ. ಬರೆಸುವಾಗ ತವರಿನವರ ನಂಬರೂ ಕೊಡಿ. ಒಂದು ವಾರದಲ್ಲಿ ಫೋನ್ ಬರಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ, ನೀವೇ ಫೋನ್ ಮಾಡಿ. ಮಾತ್ರೆ ಶುರುವಾದ ಮೇಲೆ 'ಮಗು ಚೆನ್ನಾಗೇ ಇದೆಯಲ್ಲ' ಎಂದು ನಿಲ್ಲಿಸಬೇಡಿ. ಅದು ಚೆನ್ನಾಗಿರುವುದು ಮಾತ್ರೆಯಿಂದ. ಮುಂದೆ ಬೇಕೋ ಬೇಡವೋ ಎಂದು ಮೂರು ವರ್ಷದ ನಂತರ ಡಾಕ್ಟರೇ ಮತ್ತೆ ಪರೀಕ್ಷಿಸಿ ನೋಡುತ್ತಾರೆ. ಮನೆಯಲ್ಲಿ ಈಗಾಗಲೇ ಒಂದು ತಿಂಗಳು, ಎರಡು ತಿಂಗಳ ಕೂಸಿದ್ದು, ಪರೀಕ್ಷೆ ಆಗಿದೆಯೋ ಇಲ್ಲವೋ ನೆನಪಿಲ್ಲ ಎಂದರೆ ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ಅದರಲ್ಲಿ ಟಿಎಸ್‌ಎಚ್ ಎಂದು ಎಲ್ಲೂ ಕಾಣದಿದ್ದರೆ ನಾಳೆಯೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಟಿಎಸ್‌ಎಚ್ ಮತ್ತು ಫ್ರೀ ಟಿ4 (ಅಂದರೆ ರಕ್ತದಲ್ಲಿರುವ ಥೈರಾಕ್ಸಿನ್ ಅಳೆಯುವ ಪರೀಕ್ಷೆ) ಬರೆದುಕೊಡಿ ಎಂದು ಕೇಳಿ.